ಕರೆಯುವ ಹಸುವಿಗೆ ಖನಿಜ ಮಿಶ್ರಣ: ಎಷ್ಟು, ಯಾವಾಗ, ಹೇಗೆ

ಒಂದು ಲೀಟರ್ ಹಾಲಿನೊಡನೆ ಹಸುವಿನ ಮೈಯಿಂದ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಮತ್ತು ಹೆಚ್ಚುಕಡಿಮೆ 1 ಗ್ರಾಂ ರಂಜಕ (ಫಾಸ್ಫರಸ್) ಹೊರಗೆ ಹೋಗುತ್ತವೆ. ದಿನಕ್ಕೆ 15 ಲೀಟರ್ ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿಯ ಹಸು ಹೀಗೆ ದಿನವೂ 18 ಗ್ರಾಂ ಕ್ಯಾಲ್ಸಿಯಂ ಕಳೆದುಕೊಳ್ಳುತ್ತದೆ. ತಿಂದ ಮೇವಿನಲ್ಲಿರುವ ಕ್ಯಾಲ್ಸಿಯಂನ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುವುದರಿಂದ, ಆ 18 ಗ್ರಾಂ ತುಂಬಿಬರಬೇಕಾದರೆ ಗೋದಲಿಯಲ್ಲಿ 40 ಗ್ರಾಂಗೂ ಮಿಕ್ಕಿ ಇರಬೇಕಾಗುತ್ತದೆ. ಹಸುವಿನ ಸ್ವಂತ ದೇಹಪೋಷಣೆಗೆ ಮತ್ತು ಹೊಟ್ಟೆಯಲ್ಲಿರುವ ಕರುವಿನ ಬೆಳವಣಿಗೆಗೆ ಬೇಕಾದದ್ದು ಇದರ ಮೇಲಿನ ಲೆಕ್ಕ.

ಇಷ್ಟು ಸಿಗದೆ ಹೋದರೂ ಹಾಲು ಕೂಡಲೇ ಇಳಿಯುವುದಿಲ್ಲ. ಹಸು ತನ್ನ ಮೂಳೆಯಲ್ಲಿದ್ದ ದಾಸ್ತಾನನ್ನು ಕರಗಿಸಿ ಹಾಲಿಗೆ ಒದಗಿಸುತ್ತಾ ಹೋಗುತ್ತದೆ. ಡೇರಿಯಲ್ಲಿ ಫ್ಯಾಟ್ (ಜಿಡ್ಡು), ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ನೋಡುವ ಯಂತ್ರಕ್ಕೆ ಈ ಕೊರತೆ ಕಾಣುವುದಿಲ್ಲ. ಅದು ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ, ಬೆದೆಗೆ ಬಾರದಿರುವುದರಲ್ಲಿ, ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದಿರುವುದರಲ್ಲಿ, ಅಥವಾ ಮುಂದಿನ ಕರು ಹಾಕಿದ ರಾತ್ರಿ ಹಸು ನೆಲ ಹಿಡಿದು ಮಲಗುವುದರಲ್ಲಿ. ಆದ್ದರಿಂದ ಖನಿಜ ಮಿಶ್ರಣವನ್ನು ತೊಂದರೆ ಬಂದಾಗ ಕುಡಿಸುವ ಟಾನಿಕ್ಕಿನಂತೆ ನೋಡದೆ, ಕರೆದ ಹಾಲಿನ ಲೆಕ್ಕಕ್ಕೆ ಸರಿಯಾಗಿ ದಿನವೂ ಅಳೆದು ಹಾಕುವ ಆಹಾರವೆಂದೇ ನೋಡಬೇಕು. ಈ ನಿಯಮಕ್ಕೆ ಒಂದು ದೊಡ್ಡ ಅಪವಾದವಿದೆ. ಕರು ಹಾಕುವ ಮುಂಚಿನ ಮೂರು ವಾರಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅದನ್ನು ಮುಂದೆ ವಿವರವಾಗಿ ನೋಡೋಣ.

ಮೊದಲು ಗೋದಲಿಯನ್ನು ನೋಡಿ

ಚೀಲ ಕೊಳ್ಳುವ ಮೊದಲು ಹಸು ಈಗ ಏನು ತಿನ್ನುತ್ತಿದೆ ಎಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ: ಒಣಹುಲ್ಲು ಯಾವುದು, ಹಸಿಮೇವು ಯಾವುದು, ಕೈತಿಂಡಿ (ಬೂಸಾ, ಹಿಂಡಿ ಮೊದಲಾದವು) ಏನು, ಪ್ರತಿಯೊಂದೂ ಎಷ್ಟು ಕಿಲೋ.

ಭತ್ತದ ಹುಲ್ಲು ಮುಖ್ಯ ಮೇವಾಗಿರುವ ಮಂಡ್ಯದ ನಾಲೆ ಬಯಲು, ಕರಾವಳಿ ಮತ್ತು ಮಲೆನಾಡಿನ ಕೊಟ್ಟಿಗೆಗಳಲ್ಲಿ ಖನಿಜದ ಕೊರತೆ ಹೆಚ್ಚು. ಆ ಹುಲ್ಲಿನಲ್ಲಿ ಸಿಲಿಕಾ ಬಹಳ, ರಂಜಕ ಕಡಿಮೆ, ಸತು ಮತ್ತು ತಾಮ್ರವೂ ಕಡಿಮೆ. ಇರುವ ಕ್ಯಾಲ್ಸಿಯಂನಲ್ಲಿ ಒಂದು ಪಾಲನ್ನು ಆಕ್ಸಲೇಟ್ ಎಂಬ ಅಂಶ ಕಟ್ಟಿಹಾಕಿ ಹಸುವಿಗೆ ದಕ್ಕದಂತೆ ಮಾಡುತ್ತದೆ. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ಕಡೆಯ ರಾಗಿ ಹುಲ್ಲು ಇದಕ್ಕಿಂತ ಮೇಲು. ಅದರಲ್ಲಿ ಕ್ಯಾಲ್ಸಿಯಂ ಹೆಚ್ಚಿದೆ, ಆದರೆ ರಂಜಕದ ವಿಷಯದಲ್ಲಿ ಅದೂ ಬಡವೇ. ಉತ್ತರ ಕರ್ನಾಟಕದ ಜೋಳದ ಕಣಿಕೆಯಲ್ಲಿಯೂ ರಂಜಕವನ್ನು ನಂಬಿಕೊಳ್ಳುವಂತಿಲ್ಲ. ಹಸಿಮೇವೆಂದು ವರ್ಷವಿಡೀ ಕೊಯ್ದು ಹಾಕುವ ಸಂಕರಣ ನೇಪಿಯರ್ ಹುಲ್ಲಿನಲ್ಲಿ, ಅದರಲ್ಲೂ ತೀರ ಎಳಸಾಗಿದ್ದಾಗ, ಆಕ್ಸಲೇಟ್ ಸಾಕಷ್ಟಿರುತ್ತದೆ. ಅದನ್ನು ಸ್ವಲ್ಪ ಬಲಿಯಲು ಬಿಟ್ಟು, ಒಣಹುಲ್ಲಿನೊಡನೆ ಕತ್ತರಿಸಿ ಬೆರೆಸಿ ಹಾಕುವುದು ಒಳ್ಳೆಯದು.

ಬೂಸಾ, ತೌಡು, ಹಿಂಡಿ ಇವುಗಳ ಸ್ವಭಾವ ಇದಕ್ಕೆ ವಿರುದ್ಧ. ಇವುಗಳಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಬಹಳ ಕಡಿಮೆ. ಕಾಳಿನ ಹೊಟ್ಟಿನಲ್ಲಿರುವ ರಂಜಕದ ಬಹುಭಾಗ ಫೈಟೇಟ್ ರೂಪದಲ್ಲಿದ್ದು ಕೋಳಿಗೆ ಸರಿಯಾಗಿ ದಕ್ಕುವುದಿಲ್ಲ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿಕೊಡುವುದರಿಂದ ಹಸುವಿಗೆ ಆ ಚಿಂತೆ ಇಲ್ಲ. ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಒಂದೂವರೆಗೆ ಒಂದರಿಂದ ಎರಡಕ್ಕೆ ಒಂದರ ಪ್ರಮಾಣದಲ್ಲಿರುವುದು ಕ್ಷೇಮ. ಬೂಸಾ, ಹಿಂಡಿಯನ್ನೇ ಹೆಚ್ಚು ಹಾಕುವ ಮನೆಗಳಲ್ಲಿ ತೂಕ ರಂಜಕದ ಕಡೆ ವಾಲಿರುತ್ತದೆ. ಬರೀ ಒಣಹುಲ್ಲು ಮತ್ತು ನೇಪಿಯರ್ ತಿನ್ನುವಲ್ಲಿ ರಂಜಕವೇ ಸಾಲದಾಗುತ್ತದೆ. ಎಲ್ಲರಿಗೂ ಒಂದೇ ಸಲಹೆ ಹೊಂದದಿರುವುದಕ್ಕೆ ಇದೇ ಕಾರಣ.

ಅಲಸಂದೆ, ಕುದುರೆಮೆಂತೆ, ಚೊಗಚೆ, ಗ್ಲಿರಿಸಿಡಿಯಾ, ಹಾಲುವಾಣದಂತಹ ದ್ವಿದಳ ಮೇವುಗಳಲ್ಲಿ ಮತ್ತು ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುತ್ತದೆ. ದಿನಕ್ಕೆ ನಾಲ್ಕೈದು ಕಿಲೋ ಇಂತಹ ಸೊಪ್ಪು ಸಿಗುವ ಹಸುವಿಗೆ ಅಂಗಡಿಯ ಚೀಲದ ಮೇಲಿನ ಅವಲಂಬನೆ ಕಡಿಮೆಯಾಗುತ್ತದೆ. ಬೇಲಿಯ ಸಾಲಿಗೆ ಚೊಗಚೆ ನೆಡುವುದಕ್ಕಿಂತ ಅಗ್ಗದ ಖನಿಜ ಯೋಜನೆ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ಸತು, ತಾಮ್ರ, ಕೋಬಾಲ್ಟ್, ಅಯೋಡಿನ್‌ನಂತಹ ಅಲ್ಪ ಪ್ರಮಾಣದ ಖನಿಜಗಳ ಕೊರತೆ ಮಣ್ಣಿನಿಂದಲೇ ಬರುವುದರಿಂದ, ಅದೇ ಮಣ್ಣಿನಲ್ಲಿ ಬೆಳೆದ ಮೇವು ಎಷ್ಟು ಒಳ್ಳೆಯದಿದ್ದರೂ ಆ ಕೊರತೆಯನ್ನು ಪೂರ್ತಿ ತುಂಬಲಾರದು.

ಹಸುವಿನ ಮೈ ಹೇಳುವುದನ್ನು ಗಮನಿಸಿ

ಬಟ್ಟೆ, ಹಗ್ಗ, ಮಣ್ಣು, ಮೂಳೆ, ಪ್ಲಾಸ್ಟಿಕ್ ಅಗಿಯುವುದು ರಂಜಕದ ಕೊರತೆಯ ಹಳೆಯ ಗುರುತು. ಕರಿಬಣ್ಣದ ಕೂದಲು ಕೆಂಚಗಾಗಿ, ಕಣ್ಣಿನ ಸುತ್ತ ಬಣ್ಣ ಮಾಸಿ ಕನ್ನಡಕ ಹಾಕಿದಂತೆ ಕಂಡರೆ ತಾಮ್ರವನ್ನು ಶಂಕಿಸಬೇಕು. ಚರ್ಮ ದಪ್ಪಗಾಗಿ ಒಡೆಯುವುದು, ಗೊರಸು ಮೆತ್ತಗಾಗುವುದು, ಗಾಯ ಬೇಗ ಮಾಯದಿರುವುದು ಸತುವಿನ ಕೊರತೆಯಲ್ಲಿ ಕಾಣುತ್ತದೆ. ಕರು ಸತ್ತು ಹುಟ್ಟುವುದು, ಅಥವಾ ಗಂಟಲಿನ ಬಳಿ ಗಂಟು ಉಬ್ಬಿ, ಮೈಮೇಲೆ ಕೂದಲಿಲ್ಲದೆ ಹುಟ್ಟುವುದು ಅಯೋಡಿನ್ ಸಾಲದ್ದರ ಲಕ್ಷಣ. ಕೋಬಾಲ್ಟ್ ಇಲ್ಲದಿದ್ದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ12 ಜೀವಸತ್ವವನ್ನು ತಯಾರಿಸಲಾರವು; ಹಸು ಮೇವು ಮುಂದಿದ್ದರೂ ತಿನ್ನದೆ ಸೊರಗುತ್ತದೆ.

ಇವುಗಳಲ್ಲಿ ಯಾವುದನ್ನೂ ಕಣ್ಣಿನಿಂದಷ್ಟೇ ತೀರ್ಮಾನಿಸಬಾರದು. ಜಂತುಹುಳುವಿದ್ದರೂ ಮಣ್ಣು ನೆಕ್ಕುತ್ತದೆ, ಉಣ್ಣೆ ಹತ್ತಿದರೂ ಕೂದಲು ಮಾಸುತ್ತದೆ, ಹೊಟ್ಟೆಗೆ ಸಾಲದಿದ್ದರೂ ಬೆದೆಗೆ ಬರುವುದಿಲ್ಲ. ಖನಿಜ ಮಿಶ್ರಣ ಆರಂಭಿಸುವ ಮುನ್ನ ಪಶುವೈದ್ಯರಿಗೆ ತೋರಿಸಿ, ಸಗಣಿ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಜಂತುನಾಶಕ ಕೊಡಿಸಿ. ಹುಳುವಿಗೆ ಊಟ ಹಾಕಿ ಹಸು ಸುಧಾರಿಸಲಿಲ್ಲವೆಂದು ಮಿಶ್ರಣವನ್ನು ದೂರುವುದರಲ್ಲಿ ಅರ್ಥವಿಲ್ಲ.

ಚೀಲದ ಮೇಲಿನ ಬರಹವನ್ನು ಓದಿ ಕೊಳ್ಳಿ

ಪಶು ಖನಿಜ ಮಿಶ್ರಣಕ್ಕೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ಮಾನಕ ಐಎಸ್ 1664. ಉಪ್ಪು ಸೇರಿಸಿದ ಮತ್ತು ಸೇರಿಸದ ಎರಡು ಬಗೆಗಳಿದ್ದು, ಉಪ್ಪಿಲ್ಲದ ಬಗೆಯಲ್ಲಿ ಕ್ಯಾಲ್ಸಿಯಂ ಶೇ 20, ರಂಜಕ ಶೇ 12, ಮೆಗ್ನೀಸಿಯಂ ಶೇ 5, ಸತು ಶೇ 0.8, ತಾಮ್ರ ಶೇ 0.1ರಷ್ಟು ಇರಬೇಕು. ಫ್ಲೋರಿನ್ ಮಾತ್ರ ಶೇ 0.07ನ್ನು ಮೀರಬಾರದು. ಕೊಳ್ಳುವಾಗ ಮೊದಲು ರಂಜಕದ ಅಂಕಿ ನೋಡಿ. ಮಿಶ್ರಣದಲ್ಲಿ ದುಬಾರಿಯಾದ ವಸ್ತು ಅದೇ. ಬೆಲೆ ಇಳಿಸಬೇಕಾದಾಗ ಸುಣ್ಣದಕಲ್ಲಿನ ಪುಡಿ ಹೆಚ್ಚಿಸಿ ರಂಜಕ ಇಳಿಸುವುದು ಸುಲಭ. ಕ್ಯಾಲ್ಸಿಯಂ ಶೇ 25ಕ್ಕೂ ಮೇಲಿದ್ದು ರಂಜಕ ಶೇ 5 ಅಥವಾ 6 ಮಾತ್ರವಿರುವ ಚೀಲ ಅಗ್ಗವಾಗಿ ಕಂಡರೆ, ನೀವು ಹಣ ಕೊಡುತ್ತಿರುವುದು ಬಹುಪಾಲು ಸುಣ್ಣದಕಲ್ಲಿಗೆ.

ಫ್ಲೋರಿನ್ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಶುದ್ಧೀಕರಿಸದ ಶಿಲಾರಂಜಕದಲ್ಲಿ (ರಾಕ್ ಫಾಸ್ಫೇಟ್) ಫ್ಲೋರಿನ್ ಹೆಚ್ಚಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದಂತಹ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಇರುವಾಗ, ಕಳಪೆ ಮಿಶ್ರಣ ಅದಕ್ಕೆ ಇನ್ನಷ್ಟು ಸೇರಿಸಿದರೆ ಹಸುವಿನ ಹಲ್ಲು ಕಂದಿ ಸವೆದು, ಕೀಲು ಹಿಡಿದು, ಕುಂಟು ಬರುತ್ತದೆ. ಅಂತಹ ಹಾನಿಯನ್ನು ಹಿಂದಕ್ಕೆ ತಿರುಗಿಸಲಾಗದು. ಗೊಬ್ಬರದ ಅಂಗಡಿಯ ಡೈ ಕ್ಯಾಲ್ಸಿಯಂ ಫಾಸ್ಫೇಟನ್ನಾಗಲಿ, ಶಿಲಾರಂಜಕವನ್ನಾಗಲಿ ಯಾವ ಕಾರಣಕ್ಕೂ ಹಸುವಿಗೆ ಹಾಕಬಾರದು. ಪಶು ಆಹಾರಕ್ಕೆಂದೇ ತಯಾರಿಸಿದ ದರ್ಜೆ ಬೇರೆ ಇರುತ್ತದೆ.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಪ್ರದೇಶಾಧಾರಿತ ಖನಿಜ ಮಿಶ್ರಣಗಳನ್ನು ರೂಪಿಸಿದೆ. ಒಂದು ಪ್ರದೇಶದ ಮಣ್ಣು, ಮೇವು ಮತ್ತು ದನಗಳ ರಕ್ತವನ್ನು ಪರೀಕ್ಷಿಸಿ, ಅಲ್ಲಿ ನಿಜವಾಗಿ ಕಡಿಮೆಯಿರುವ ಖನಿಜಗಳನ್ನಷ್ಟೇ ಸೇರಿಸುವುದು ಅದರ ಹಿಂದಿನ ಆಲೋಚನೆ. ನಿಮ್ಮ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಅಥವಾ ಪಶು ಆಸ್ಪತ್ರೆಯಲ್ಲಿ ಇಂತಹದು ದೊರೆಯುವುದೇ ಎಂದು ಮೊದಲು ವಿಚಾರಿಸಿ. ಸಿಕ್ಕರೆ ಅದೇ ಉತ್ತಮ. ಕೀಲೇಟೆಡ್ ಎಂದು ಬರೆದಿರುವ ಮಿಶ್ರಣಗಳಲ್ಲಿ ಸತು, ತಾಮ್ರ ಮೊದಲಾದವನ್ನು ಅಮೈನೋ ಆಮ್ಲದೊಡನೆ ಬೆಸೆದಿರುತ್ತಾರೆ. ಅವು ಹೆಚ್ಚು ದಕ್ಕುತ್ತವೆ, ಬೆಲೆಯೂ ಹೆಚ್ಚು. ಹೆಚ್ಚು ಹಾಲಿನ ಹಸುವಿಗೆ, ಪದೇ ಪದೇ ಬೆದೆ ತಿರುಗುವ ಹಸುವಿಗೆ ಅದನ್ನು ಪರಿಗಣಿಸಬಹುದು. ಐದಾರು ಲೀಟರಿನ ಹಸುವಿಗೆ ಸಾಧಾರಣ ಮಿಶ್ರಣವೇ ಸಾಕು.

ಅಳತೆ

ದಿನವೊಂದಕ್ಕೆ ಎಳೆಗರುವಿಗೆ 20ರಿಂದ 25 ಗ್ರಾಂ, ಬೆಳೆಯುವ ಕಡಸಿಗೆ ಮತ್ತು ಹಾಲು ಬತ್ತಿದ ಹಸುವಿಗೆ 50 ಗ್ರಾಂ, ಕರೆಯುವ ಹಸುವಿಗೆ ಹಾಲಿನ ಪ್ರಮಾಣಕ್ಕೆ ತಕ್ಕಂತೆ 100ರಿಂದ 200 ಗ್ರಾಂ ಎಂಬುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹೇಳುವ ಪ್ರಮಾಣ. ಎರಡು ಮೂರು ಲೀಟರ್ ಕೊಡುವ ಹಳ್ಳಿಕಾರ್ ಅಥವಾ ಮಲೆನಾಡು ಗಿಡ್ಡಕ್ಕೆ 50 ಗ್ರಾಂ ಧಾರಾಳ. 10 ಲೀಟರಿನ ಹಸುವಿಗೆ 100 ಗ್ರಾಂ, 15 ಲೀಟರ್ ದಾಟಿದರೆ 150 ಗ್ರಾಂ ಎಂದು ಇಟ್ಟುಕೊಂಡು, ಅದಕ್ಕಿಂತ ಹೆಚ್ಚಿಗೆ ಹೋಗಬೇಕಾದರೆ ವೈದ್ಯರನ್ನು ಕೇಳಿ ಹೋಗುವುದು ವಿವೇಕ.

ಕಾರ್ಖಾನೆಯ ಪಶು ಆಹಾರದಲ್ಲಿ ಖನಿಜ ಮಿಶ್ರಣ ಮತ್ತು ಉಪ್ಪನ್ನು ಮೊದಲೇ ಸೇರಿಸಿರುತ್ತಾರೆ. ಒಂದು ಕಿಲೋ ಆಹಾರದಲ್ಲಿ ಶೇ 1ರಷ್ಟು ಮಿಶ್ರಣವಿದ್ದರೆ, ಆರು ಕಿಲೋ ತಿನ್ನುವ ಹಸುವಿಗೆ 60 ಗ್ರಾಂ ಹಾಗೆಯೇ ಸೇರಿದಂತಾಯಿತು. ಅಂತಹ ಹಸುವಿಗೆ ಮೇಲಿನಿಂದ ಹಾಕುವುದನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿ. ಮನೆಯಲ್ಲೇ ಬೂಸಾ, ಹಿಂಡಿ, ಜೋಳದ ನುಚ್ಚು ಬೆರೆಸಿ ಹಾಕುವವರು ಪೂರ್ತಿ ಅಳತೆಯನ್ನೇ ಹಾಕಬೇಕು. ಕರೆಯುವ ಹಸುವಿಗೆ ದಿನಕ್ಕೆ 30 ಗ್ರಾಂ ಅಡುಗೆ ಉಪ್ಪು ಬೇರೆಯಾಗಿ ಬೇಕು. ಅಯೋಡಿನ್ ಸೇರಿಸಿದ ಉಪ್ಪೇ ಆಗಲಿ. ಮಿಶ್ರಣದಲ್ಲಿಯೋ ಪಶು ಆಹಾರದಲ್ಲಿಯೋ ಉಪ್ಪಿದ್ದರೆ ಅಷ್ಟನ್ನು ಕಳೆಯಿರಿ.

ಹಿಡಿಯಲ್ಲಿ ಅಳೆಯಬೇಡಿ. ಅಪ್ಪನ ಹಿಡಿ, ಮಗನ ಹಿಡಿ, ಕೂಲಿಯವನ ಹಿಡಿ ಒಂದೇ ಆಗಿರುವುದಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ 50 ಗ್ರಾಂ ತೂಗಿಸಿ, ಅದು ಸರಿಯಾಗಿ ಹಿಡಿಯುವ ಒಂದು ಡಬ್ಬಿಯ ಮುಚ್ಚಳವನ್ನೋ ಲೋಟವನ್ನೋ ಗುರುತು ಮಾಡಿ ಚೀಲದೊಳಗೇ ಇಟ್ಟುಬಿಡಿ.

ತಿನ್ನಿಸುವ ಬಗೆ

ಹಳೇ ಮೈಸೂರಿನ ಕಡೆ ಬೂಸಾ, ಹಿಂಡಿಯನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ ಕುಡಿಸುವ ರೂಢಿ ಇದೆ. ಖನಿಜದ ಪುಡಿ ತೂಕವಾದದ್ದು. ನೀರಾಗಿ ಕಲಸಿದಾಗ ಅದು ತಳ ಸೇರುತ್ತದೆ, ಹಸು ಮೇಲಿನದನ್ನು ಕುಡಿದು ತಳದಲ್ಲಿ ಉಳಿದದ್ದನ್ನು ಬಿಡುತ್ತದೆ, ಅದು ಚರಂಡಿ ಸೇರುತ್ತದೆ. ಇದರ ಬದಲು ಕೈತಿಂಡಿಯನ್ನು ಉಂಡೆ ಕಟ್ಟುವಷ್ಟೇ ತೇವ ಮಾಡಿ, ಪುಡಿಯನ್ನು ಮೇಲೆ ಉದುರಿಸಿ, ಚೆನ್ನಾಗಿ ಕಲಸಿ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡಿ. ಬೇಯಿಸುವ ತಿಂಡಿಯಾದರೆ ಆರಿದ ಮೇಲೆ ಸೇರಿಸಿ, ಏಕೆಂದರೆ ಮಿಶ್ರಣದಲ್ಲಿ ಜೀವಸತ್ವಗಳೂ ಇದ್ದರೆ ಬಿಸಿಗೆ ಅವು ಕೆಡುತ್ತವೆ.

ಹೊಸ ವಾಸನೆಗೆ ಕೆಲವು ಹಸುಗಳು ಮೂತಿ ತಿರುಗಿಸುತ್ತವೆ. ಮೊದಲ ದಿನ 20 ಗ್ರಾಂನಿಂದ ಆರಂಭಿಸಿ ವಾರದೊಳಗೆ ಪೂರ್ತಿ ಅಳತೆಗೆ ತಂದರೆ ಸಾಮಾನ್ಯವಾಗಿ ಒಗ್ಗಿಕೊಳ್ಳುತ್ತವೆ. ಸ್ವಲ್ಪ ಬೆಲ್ಲವೂ ನೆರವಾಗುತ್ತದೆ. ನೆಕ್ಕುವ ಗಟ್ಟಿಗಳನ್ನು ಕಟ್ಟಿದರೆ ಒಂದು ಹಸು ದಿನವಿಡೀ ನೆಕ್ಕುತ್ತದೆ, ಪಕ್ಕದ್ದು ಮೂಸುವುದೂ ಇಲ್ಲ. ಹಾಗಾಗಿ ಅಳೆದು ಹಾಕುವ ಪುಡಿಗೆ ಅವು ಬದಲಿಯಾಗಲಾರವು. ಅವುಗಳಲ್ಲಿ ಯೂರಿಯಾ ಮತ್ತು ಕಾಕಂಬಿ ಸೇರಿಸಿದ ಗಟ್ಟಿಯನ್ನು ಆರು ತಿಂಗಳೊಳಗಿನ ಕರುಗಳಿಗೆ ಎಟುಕದಂತೆ ಕಟ್ಟಬೇಕು, ಏಕೆಂದರೆ ಅವುಗಳ ಹೊಟ್ಟೆ ಯೂರಿಯಾವನ್ನು ಬಳಸಿಕೊಳ್ಳುವಷ್ಟು ಬೆಳೆದಿರುವುದಿಲ್ಲ.

ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಒಂದು ಚೀಲ ಮುಗಿದ ಮೇಲೆ ನಿಲ್ಲಿಸಿ, ಮತ್ತೆ ಬೆದೆ ತಪ್ಪಿದಾಗ ಇನ್ನೊಂದು ತರುವ ಪದ್ಧತಿಯಿಂದ ಹಣ ಖರ್ಚಾಗುತ್ತದೆಯೇ ಹೊರತು ಮೂಳೆಯ ದಾಸ್ತಾನು ತುಂಬುವುದಿಲ್ಲ.

ಕರು ಹಾಕುವ ಮುಂಚಿನ ಮೂರು ವಾರ

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಕರು ಹಾಕಿದ ಮೇಲೆ ಹಾಲುಜ್ವರ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಹಸು ನೆಲ ಹಿಡಿಯುವ ಕಾಯಿಲೆ) ಬರಬಾರದೆಂದು, ತುಂಬುಗಬ್ಬದ ಹಸುವಿಗೆ ತಿಂಗಳ ಮುಂಚಿನಿಂದಲೇ ಕ್ಯಾಲ್ಸಿಯಂ ದ್ರಾವಣ ಕುಡಿಸುವವರು ಬಹಳ ಮಂದಿ. ಉದ್ದೇಶ ಒಳ್ಳೆಯದೇ, ಪರಿಣಾಮ ಮಾತ್ರ ವಿರುದ್ಧ.

ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡುವ ಕ್ಯಾಲ್ಸಿಯಂ ಮೂರು ಗ್ರಾಂ ಆಸುಪಾಸು ಅಷ್ಟೇ. ಗಿಣ್ಣುಹಾಲಿನ ಒಂದು ಲೀಟರಿನಲ್ಲಿ ಎರಡು ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಮೊದಲ ದಿನ ಹತ್ತು ಲೀಟರ್ ಗಿಣ್ಣು ಇಳಿಸುವ ಹಸು ರಕ್ತದಲ್ಲಿದ್ದದ್ದರ ಹಲವು ಪಟ್ಟನ್ನು ಒಂದೇ ದಿನದಲ್ಲಿ ಬಿಟ್ಟುಕೊಡಬೇಕು. ಈ ಅಂತರವನ್ನು ತುಂಬುವುದು ಮೂಳೆ. ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಮತ್ತು ಡಿ ಜೀವಸತ್ವ ಸೇರಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತವೆ, ಕರುಳು ಹೆಚ್ಚು ಹೀರುವಂತೆ ಮಾಡುತ್ತವೆ. ಆದರೆ ಈ ವ್ಯವಸ್ಥೆ ಚುರುಕಾಗಲು ಒಂದೆರಡು ದಿನ ಬೇಕು. ಬತ್ತಿದ ಕಾಲದಲ್ಲಿ ಕ್ಯಾಲ್ಸಿಯಂ ಬೇಕಾದಕ್ಕಿಂತ ಹೆಚ್ಚು ಸಿಗುತ್ತಿದ್ದರೆ ಆ ಗ್ರಂಥಿಗೆ ಕೆಲಸವೇ ಇರುವುದಿಲ್ಲ. ಕರು ಬಿದ್ದ ದಿನ ಅದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಹಸು ಮಲಗಿರುತ್ತದೆ.

ಪೊಟ್ಯಾಸಿಯಂ ಇನ್ನೊಂದು ಕಾರಣ. ಕೊಟ್ಟಿಗೆ ತೊಳೆದ ನೀರು, ಗಂಜಲ, ಗೋಬರ್ ಗ್ಯಾಸಿನ ಬಗ್ಗಡ ಹರಿಯುವ ತಾಕಿನಲ್ಲಿ ಬೆಳೆದ ನೇಪಿಯರ್ ಹುಲ್ಲು ಪೊಟ್ಯಾಸಿಯಂ ಅನ್ನು ಯಥೇಚ್ಛವಾಗಿ ಎಳೆದುಕೊಂಡಿರುತ್ತದೆ. ಅದು ಹೆಚ್ಚಾದರೆ ಹಸುವಿನ ರಕ್ತ ಕ್ಷಾರದ ಕಡೆಗೆ ವಾಲಿ, ಮೂಳೆ ಮತ್ತು ಮೂತ್ರಪಿಂಡಗಳು ಆ ಹಾರ್ಮೋನಿನ ಮಾತನ್ನು ಕೇಳದಂತಾಗುತ್ತವೆ. ಮೆಗ್ನೀಸಿಯಂ ದಕ್ಕುವುದಕ್ಕೂ ಪೊಟ್ಯಾಸಿಯಂ ಅಡ್ಡಬರುತ್ತದೆ. ಮೆಗ್ನೀಸಿಯಂ ಇಲ್ಲದೆ ಹಾರ್ಮೋನಿನ ಕೆಲಸ ಸಾಗುವುದಿಲ್ಲ.

ಆದ್ದರಿಂದ ಕರು ಹಾಕುವ ದಿನಾಂಕವನ್ನು ಗರ್ಭಧಾರಣೆಯ ಚೀಟಿಯಿಂದ ಲೆಕ್ಕ ಹಾಕಿಕೊಂಡು, ಅದಕ್ಕೆ 21 ದಿನ ಮುಂಚಿನಿಂದ ಹೀಗೆ ಮಾಡಿ. ಕ್ಯಾಲ್ಸಿಯಂ ದ್ರಾವಣವನ್ನು ಪೂರ್ತಿ ನಿಲ್ಲಿಸಿ. ಕುದುರೆಮೆಂತೆ ಮತ್ತು ಕೊಟ್ಟಿಗೆ ಪಕ್ಕದ ನೇಪಿಯರ್ ಅನ್ನು ಕಡಿಮೆ ಮಾಡಿ, ಅದರ ಜಾಗಕ್ಕೆ ಮುಸುಕಿನ ಜೋಳದ ಹಸಿಮೇವು ಅಥವಾ ರಸಮೇವು (ಸೈಲೇಜ್) ಮತ್ತು ಒಣಹುಲ್ಲು ಕೊಡಿ. ಅಡುಗೆ ಸೋಡಾ ಹಾಕುವ ಅಭ್ಯಾಸವಿದ್ದರೆ ಈ ಅವಧಿಯಲ್ಲಿ ಬಿಡಿ. ಸತು, ತಾಮ್ರ, ಸೆಲೆನಿಯಂ, ಮೆಗ್ನೀಸಿಯಂಗಳು ಮಾತ್ರ ಈಗಲೂ ಬೇಕು. ಮಾಸು ಸರಿಯಾಗಿ ಬೀಳುವುದಕ್ಕೂ ಕೆಚ್ಚಲುಬಾವು ತಡೆಯುವುದಕ್ಕೂ ಅವು ನೆರವಾಗುತ್ತವೆ. ಹಾಗಾಗಿ ತುಂಬುಗಬ್ಬದ ಹಸುಗಳಿಗೆಂದೇ ತಯಾರಿಸಿದ, ಕ್ಯಾಲ್ಸಿಯಂ ಕಡಿಮೆಯಿರುವ ಮಿಶ್ರಣ ಯಾವುದೆಂದು ವೈದ್ಯರಿಂದ ತಿಳಿದುಕೊಳ್ಳಿ. ಹಿಂದಿನ ಸೂಲಿನಲ್ಲಿ ಹಾಲುಜ್ವರ ಬಂದಿದ್ದರೆ, ಅಥವಾ ಮೂರನೇ ಸೂಲು ದಾಟಿದ ಜೆರ್ಸಿ ಮಿಶ್ರತಳಿಯಾಗಿದ್ದರೆ, ಅಮೋನಿಯಂ ಕ್ಲೋರೈಡ್ ಮತ್ತು ಮೆಗ್ನೀಸಿಯಂ ಸಲ್ಫೇಟಿನಂತಹ ಆಮ್ಲೀಯ ಲವಣಗಳನ್ನು ಅವರು ಸೂಚಿಸಬಹುದು. ಇವುಗಳ ಪ್ರಮಾಣ ಸರಿಯಿದೆಯೇ ಎಂಬುದನ್ನು ಹಸುವಿನ ಮೂತ್ರದ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ತೋರಿಸುವ ಪಟ್ಟಿಯಿಂದ ನೋಡುತ್ತಾರೆ. ಆ ಪಿಎಚ್ 6ರಿಂದ 7ರ ನಡುವೆ ಇಳಿಯಬೇಕು. ವೈದ್ಯರ ಉಸ್ತುವಾರಿಯಿಲ್ಲದೆ ಈ ಲವಣಗಳನ್ನು ಹಾಕುವುದು ಬೇಡ.

ಕರು ಬಿದ್ದ ಕ್ಷಣದಿಂದ ಲೆಕ್ಕ ಮತ್ತೆ ಮೊದಲಿನಂತಾಗುತ್ತದೆ. ಕ್ಯಾಲ್ಸಿಯಂ ಜೆಲ್ ಅಥವಾ ದ್ರಾವಣ ಉಪಯೋಗಕ್ಕೆ ಬರುವ ಹೊತ್ತು ಇದೇ: ಕರು ಹಾಕಿದ ಕೂಡಲೇ ಒಮ್ಮೆ, ಅರ್ಧ ದಿನ ಕಳೆದು ಇನ್ನೊಮ್ಮೆ, ಹಸು ಎದ್ದು ನಿಂತು ತಾನಾಗಿ ನುಂಗುತ್ತಿದ್ದರೆ ಮಾತ್ರ. ಪೂರ್ತಿ ಅಳತೆಯ ಖನಿಜ ಮಿಶ್ರಣವನ್ನೂ ಅಂದಿನಿಂದಲೇ ಆರಂಭಿಸಬಹುದು.

ಹಸು ಮಲಗಿಬಿಟ್ಟರೆ

ಹೆಸರಿನಲ್ಲಿ ಜ್ವರವಿದ್ದರೂ ಹಾಲುಜ್ವರದಲ್ಲಿ ಮೈ ತಣ್ಣಗಾಗುತ್ತದೆ. ಕರು ಹಾಕಿದ ಮೂರು ದಿನಗಳೊಳಗೆ ಹಸು ತಡವರಿಸಿ ಮಲಗಿ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು, ಕಿವಿ ತಣ್ಣಗಿದ್ದು, ಮೂತಿ ಒಣಗಿ, ಸಗಣಿ ನಿಂತಿದ್ದರೆ ಕೂಡಲೇ ವೈದ್ಯರನ್ನು ಕರೆಯಿರಿ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಕೇಳಬಹುದು. ಅವರು ಕ್ಯಾಲ್ಸಿಯಂ ಬೋರೋಗ್ಲುಕೋನೇಟನ್ನು ರಕ್ತನಾಳಕ್ಕೆ ನಿಧಾನವಾಗಿ, ಹೃದಯದ ಬಡಿತವನ್ನು ಗಮನಿಸುತ್ತಾ ಕೊಡುತ್ತಾರೆ. ಅವಸರದಲ್ಲಿ ಬಾಟಲಿ ಏರಿಸಿದರೆ ಹೃದಯ ನಿಂತುಹೋಗುವ ಅಪಾಯವಿರುವುದರಿಂದ ಇದು ಅನುಭವವಿಲ್ಲದ ಕೈಯಲ್ಲಿ ಆಗುವ ಕೆಲಸವಲ್ಲ. ಅವರು ಬರುವವರೆಗೆ ಹಸುವನ್ನು ಎದೆಯ ಮೇಲೆ ಕೂರುವಂತೆ ಎರಡೂ ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತುಕೊಡಿ. ಬಾಯಿಗೆ ಏನನ್ನೂ, ನೀರನ್ನು ಕೂಡ, ಹೊಯ್ಯಬೇಡಿ. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ದ್ರಾವಣ ಮತ್ತು ಸುಣ್ಣದ ತಿಳಿ

ಕ್ಯಾನುಗಳಲ್ಲಿ ಮಾರುವ ಕ್ಯಾಲ್ಸಿಯಂ ದ್ರಾವಣಗಳ ಬಗ್ಗೆ ರೈತರಿಗಿರುವ ನಂಬಿಕೆ ಅತಿಯಾದದ್ದು. ಅಂತಹ ಕ್ಯಾನಿನ ಮೇಲೆ 100 ಮಿಲೀಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಬರೆದಿರುತ್ತದೆ. ಅದನ್ನು 1,000ದಿಂದ ಭಾಗಿಸಿದರೆ ಗ್ರಾಂ ಸಿಗುತ್ತದೆ. ಅದನ್ನು ನಿಮ್ಮ ಹಸುವಿನ ಹಾಲಿನಲ್ಲಿ ಹೋಗುವ ಕ್ಯಾಲ್ಸಿಯಂ ಜೊತೆಗೆ, ಆಮೇಲೆ 100 ಗ್ರಾಂ ಪುಡಿಯಲ್ಲಿ ಸಿಗುವ 20 ಗ್ರಾಂ ಕ್ಯಾಲ್ಸಿಯಂ ಮತ್ತು 12 ಗ್ರಾಂ ರಂಜಕದ ಜೊತೆಗೆ ಹೋಲಿಸಿ, ಎರಡರ ಬೆಲೆಯನ್ನೂ ಇಟ್ಟು ನೋಡಿ. ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಸುಣ್ಣದ ತಿಳಿಯ ಲೆಕ್ಕ ಇನ್ನೂ ಸಣ್ಣದು. ಸುಣ್ಣ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಒಂದು ಲೀಟರ್ ತಿಳಿಯಲ್ಲಿ ಒಂದು ಗ್ರಾಂಗಿಂತ ಕಡಿಮೆ ಕ್ಯಾಲ್ಸಿಯಂ ಇರುತ್ತದೆ, ರಂಜಕವಂತೂ ಇಲ್ಲವೇ ಇಲ್ಲ. ಅಷ್ಟಿಷ್ಟು ಕೊಡುವುದರಿಂದ ಹಾನಿಯಿಲ್ಲ, ಆದರೆ 15 ಲೀಟರಿನ ಹಸುವಿಗೆ ಅದು ಖನಿಜ ಮಿಶ್ರಣದ ಬದಲಿಯಾಗಲಾರದು.

ಇಡುವ ಜಾಗ ಮತ್ತು ಕುರಿಗಳ ವಿಷಯ

ತೆರೆದ ಚೀಲ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ತಯಾರಿಸಿದ ದಿನಾಂಕ ನೋಡಿ, ಮೂರು ತಿಂಗಳಿಗೆ ಆಗುವಷ್ಟನ್ನು ಮಾತ್ರ ಕೊಳ್ಳಿ.

ಹಸುವಿನ ಜೊತೆಗೆ ಕುರಿ ಸಾಕುವ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹಸುವಿಗೆ ಹಿತವಾದ ತಾಮ್ರದ ಪ್ರಮಾಣ ಕುರಿಗೆ ವಿಷವಾಗಬಲ್ಲದು. ಅದು ಕುರಿಯ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಶೇಖರವಾಗಿ, ಒಂದು ದಿನ ಇದ್ದಕ್ಕಿದ್ದಂತೆ ಕಾಮಾಲೆ ಮತ್ತು ಕೆಂಪು ಮೂತ್ರದೊಡನೆ ಸಾವು ತರುತ್ತದೆ. ಹಸುವಿನ ಗೋದಲಿಯಲ್ಲಿ ಉಳಿದ ತಿಂಡಿಯನ್ನು ಕುರಿಗಳಿಗೆ ಸುರಿಯದೆ, ಅವುಗಳಿಗೆ ಕುರಿಗಳದೇ ಮಿಶ್ರಣವನ್ನು ಬೇರೆ ಡಬ್ಬಿಯಲ್ಲಿ, ಹೆಸರು ಬರೆದು ಇಡಿ.